ಹಣ್ಣಾಗುವ ದಿನವಿಲ್ಲದ ಬಾಳೆ

ಸೋಮವಾರ ಬೆಳಿಗ್ಗೆ ಕೋಟನೂರಿನ ಹಣ್ಣಿನ ಗೋದಾಮಿನ ಗೋಡೆಗೆ ಒಂದು ಹಾಳೆ ಅಂಟಿತು. ಅದರಲ್ಲಿ ಹದಿನಾಲ್ಕು ಹೆಸರು, ಹೆಸರಿನ ಮುಂದೆ ಅಂಕ. ಎಲ್ಲರಿಗಿಂತ ಕೆಳಗೆ, ಕೆಂಪು ಮಸಿಯಲ್ಲಿ, ಪಂಚಶೀಲಾ: ನೂರಕ್ಕೆ ಮೂವತ್ತೆಂಟು. ಸತತ ಎರಡು ವಾರ ನಲವತ್ತರ ಕೆಳಗೆ ಬಿದ್ದವರು ಮೂರನೇ ವಾರದಿಂದ ಕೆಲಸಕ್ಕೆ ಬರಬೇಕಾಗಿಲ್ಲ ಎಂದು ಅಡಿಯಲ್ಲಿ ಬರೆದಿತ್ತು. ಹತ್ತೊಂಬತ್ತು ವರ್ಷ ಬಾಳೆ ಮಾಗಿಸಿದವಳಿಗೆ ಮೂವತ್ತೆಂಟು. ಮೊನ್ನೆ ಮೊನ್ನೆ ಸೇರಿ, ಕಾಯಿಗೂ ಹಣ್ಣಿಗೂ ವ್ಯತ್ಯಾಸ ತಿಳಿಯದ ಸಾಯಿಕುಮಾರನಿಗೆ ತೊಂಬತ್ತೊಂದು. ಎಂಥಾ ನ್ಯಾಯ ಅಂತೀರಿ!

ಈ ನ್ಯಾಯ ಎಲ್ಲಿಂದ ಬಂತು ಅನ್ನುವುದಕ್ಕೆ ಮೊದಲು ಪಂಚಶೀಲಾ ಯಾರು ಅನ್ನುವುದನ್ನು ಹೇಳಬೇಕು. ಕಮಲಾಪುರದ ಹೆಣ್ಣುಮಗಳು. ಆ ಊರಿನ ಕೆಂಪು ಬಾಳೆ ಗೊತ್ತಲ್ಲ, ಸಿಪ್ಪೆಯೆಲ್ಲ ಕುಂಕುಮ ಕಲಸಿದ ಹಾಗಿರುತ್ತದೆ, ಒಳಗೆ ಕೆನೆ. ಮದುವೆಗೆ ಮೊದಲು ಹಣಮಮ್ಮ ಎಂಬವಳ ತೋಟದಲ್ಲಿ ಗೊನೆ ಕಡಿಯುವ ಕೂಲಿಗೆ ಹೋಗುತ್ತಿದ್ದಳು. ಬಾವಿಯ ದಂಡೆಗೆ ಒಂದಿಷ್ಟು ಬಾಳೆ ಇಟ್ಟುಕೊಂಡಿದ್ದ ಹಣಮಮ್ಮನಿಗೆ ನಾಲಿಗೆ ಕತ್ತರಿ, ಕೈ ಮಾತ್ರ ಹೂವು. ಹಣ್ಣಿನ ಹೊಟ್ಟೆ ಒತ್ತಿ ನೋಡಿದರೆ ಬೆನ್ನಿಗೆ ಒಂದು ಗುದ್ದು ಬೀಳುತ್ತಿತ್ತು. "ಹೊಟ್ಟಿ ಮುಟ್ಟಬ್ಯಾಡ, ಕಲಿ ಬೀಳತದ. ಕುತ್ತಿಗಿ ಹಿಡಿ. ಆಮ್ಯಾಲ ತೊಟ್ಟಿನ ವಾಸನಿ ತಗೋ. ಹಣ್ಣು ತಾನೇ ಹೇಳತದ," ಎನ್ನುತ್ತಿದ್ದಳು. ಕೆಂಪು ಬಾಳೆ ಬಣ್ಣ ನೋಡಿ ತಿಳಿಯುವ ಹಣ್ಣಲ್ಲ. ಕಾಯಿದ್ದಾಗಲೂ ಕೆಂಪು, ಹಣ್ಣಾದಾಗಲೂ ಕೆಂಪೇ, ಬಹಳವೆಂದರೆ ಒಂದಿಷ್ಟು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಆ ಒಂದಿಷ್ಟನ್ನು ಹಿಡಿಯುವುದಕ್ಕೆ ಪಂಚಶೀಲಾಳಿಗೆ ಮೂರು ವರ್ಷ ಬೇಕಾಯಿತು.

ಮದುವೆಯಾಗಿ ಕಲಬುರಗಿಗೆ ಬಂದಮೇಲೆ ಆ ಕೈಯನ್ನು ಗುರುತು ಹಿಡಿದವನು ಬುರ್ಹಾನುದ್ದೀನ್ ಸೇಠ. ಸ್ಟೇಶನ್ ಬಜಾರದಲ್ಲಿ ಗಾಡಿ ತಳ್ಳಿ, ಶಹಾಬಜಾರದಲ್ಲಿ ಅಂಗಡಿ ಹಾಕಿ, ಕೊನೆಗೆ ಕೋಟನೂರಿನಲ್ಲಿ ಆರು ಕೋಣೆಯ ಗೋದಾಮು ಕಟ್ಟಿದವನು. ಕಾಯಿ ಬಂದ ಮೇಲೆ ಕೋಣೆಗೆ ಹಾಕಿ, ಮಾಗಿಸುವ ಗ್ಯಾಸ್ ಬಿಟ್ಟು, ಬಾಗಿಲು ಮುಚ್ಚುತ್ತಾರೆ. ಯಾವ ದಿನ ಬಾಗಿಲು ತೆಗೆಯಬೇಕು ಅನ್ನುವುದೇ ಆ ಧಂಧೆಯ ಜೀವ. ಒಂದು ದಿನ ಮುಂಚೆ ತೆಗೆದರೆ ಒಗರು, ಎರಡು ದಿನ ತಡವಾದರೆ ತಿಪ್ಪೆ. ಆ ದಿನವನ್ನು ಹೇಳುವವಳು ಪಂಚಶೀಲಾ. ಅವಳು ಒಳಹೋಗಿ ನಾಲ್ಕು ಕ್ರೇಟಿನ ಹಣ್ಣಿನ ಕುತ್ತಿಗೆ ಹಿಡಿದು ಬಂದು "ತೆಗೀರಿ" ಅಂದರೆ ಹಮಾಲರು ತೆಗೆಯುತ್ತಿದ್ದರು. ಸೇಠನೂ ಎರಡನೇ ಮಾತು ಆಡುತ್ತಿರಲಿಲ್ಲ. ಬಾಗಿಲಲ್ಲಿ ಹಗ್ಗದ ಮಂಚ ಹಾಕಿಕೊಂಡು ಕೂತು, ಬೈಯಬೇಕಾದವರನ್ನು ಬೈದು, ಅವರಿಗೇ ಚಹಾ ತರಿಸುತ್ತಿದ್ದ.

ಹೋದ ವರ್ಷ ಸೇಠ ಹೈದರಾಬಾದಿನ ದೊಡ್ಡ ಹೋಟೆಲೊಂದರಲ್ಲಿ ಮೂರು ದಿನದ ನಾಯಕತ್ವ ಶಿಬಿರಕ್ಕೆ ಹೋಗಿ ಬಂದ. ಹೋಗುವಾಗ ಮನುಷ್ಯ ಸರಿಯಾಗಿಯೇ ಇದ್ದ. ಬರುವಾಗ ಕೈಯಲ್ಲೊಂದು ಫೈಲು, ಬಾಯಲ್ಲಿ 'ವಿಷನ್' ಎಂಬ ಶಬ್ದ, ಹಿಂದೆ ಪ್ರೇಮಕುಮಾರ. ಈ ಪ್ರೇಮಕುಮಾರ ಪುಣೆಯಲ್ಲಿ ಎಂಬಿಎ ಮಾಡಿದವನು, ಇನ್ನು ಮುಂದೆ ಗೋದಾಮಿನ ಆಪರೇಷನ್ಸ್ ಹೆಡ್. ಮರುವಾರವೇ ಹಗ್ಗದ ಮಂಚ ಹೋಯಿತು, ಗಾಜಿನ ಕ್ಯಾಬಿನ್ ಬಂತು. ಸೇಠ ಅದರೊಳಗೆ ಕೂತು ಬೈಯುವುದನ್ನು ಬಿಟ್ಟ. ಬೈಗುಳಕ್ಕೆ ಈಗ 'ಫೀಡ್‌ಬ್ಯಾಕ್' ಅನ್ನುತ್ತಾರಂತೆ, ಅದನ್ನು ಕಾಗದದಲ್ಲಿ ಕೊಡಬೇಕಂತೆ. ಕಾಗದ ಬಂತು, ಚಹಾ ನಿಂತಿತು.

ಪ್ರೇಮಕುಮಾರ ಮಾಡಿದ ಸುಧಾರಣೆಗಳನ್ನು ಏನು ಹೇಳಲಿ! ನೆಲದ ಮೇಲೆ ಹಳದಿ ಗೆರೆ ಎಳೆಸಿದ, ಕ್ರೇಟು ಹೊತ್ತ ಹಮಾಲರು ಆ ಗೆರೆಯೊಳಗೇ ನಡೆಯಬೇಕು. ದಿನಾ ಬೆಳಿಗ್ಗೆ ಎಲ್ಲರನ್ನೂ ಸುತ್ತ ನಿಲ್ಲಿಸಿ, ಒಬ್ಬೊಬ್ಬರೂ ಒಂದೊಂದು ಸುಧಾರಣೆ ಹೇಳಬೇಕು ಎಂದ. ಮೊದಲ ದಿನ, ಕ್ರೇಟು ತೊಳೆಯುವ ಮೆಹಬೂಬಿ ಮುಂದೆ ಬಂದು, "ಸರ್, ಹೆಣ್ಣುಮಕ್ಕಳ ಪಾಯಖಾನಿ ಬಾಗಿಲಿಗಿ ಚಿಲಕ ಇಲ್ರಿ," ಅಂದಳು. ಪ್ರೇಮಕುಮಾರ ಚಪ್ಪಾಳೆ ತಟ್ಟಿಸಿದ. ಬೋರ್ಡಿನ ಮೇಲೆ 'ಸೌಲಭ್ಯ: ಪರಿಶೀಲನೆಯಲ್ಲಿ' ಎಂದು ನೀಲಿ ಅಕ್ಷರದಲ್ಲಿ ಬರೆದ. ಐದು ತಿಂಗಳಾಯಿತು, ಅಕ್ಷರ ಅಲ್ಲೇ ಇದೆ. ಮೆಹಬೂಬಿ ಇವತ್ತಿಗೂ ಒಳಗೆ ಕೂತು ಕೆಮ್ಮುತ್ತಾಳೆ.

ಆಮೇಲೆ ಬಂತು ಆ್ಯಪ್. ಕೋಣೆಯ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಬಾಳೆಯ ಫೋಟೊ ಹೊಡೆದರೆ ಅದು ಕಾಯೋ, ಹಣ್ಣೋ, ಕೊಳೆತದ್ದೋ ಎಂದು ತಾನೇ ಹೇಳುತ್ತದೆ. ಪಚ್ಚೆಬಾಳೆಯ ಮಟ್ಟಿಗೆ ಅದು ತಪ್ಪು ಹೇಳಲಿಲ್ಲ, ಹಸಿರಿದ್ದರೆ ಕಾಯಿ, ಹಳದಿಯಾದರೆ ಹಣ್ಣು. ಅಷ್ಟನ್ನು ಮೂರು ವರ್ಷದ ಕೂಸೂ ಹೇಳುತ್ತದೆ. ಆದರೆ ಕೆಂಪು ಬಾಳೆ ಎಂಬುದೊಂದು ಈ ಭೂಮಿಯ ಮೇಲಿದೆ ಎಂದು ಆ್ಯಪ್ ಮಾಡಿದವರಿಗೆ ಗೊತ್ತೇ ಇರಲಿಲ್ಲ. ಹಳದಿ ಕಾಣುವ ತನಕ ಅದು "ಕಾಯಿ, ಇನ್ನೂ ಎರಡು ದಿನ" ಎನ್ನುತ್ತಿತ್ತು. ಸಿಪ್ಪೆ ಕಪ್ಪಾದ ದಿನ "ಕೊಳೆತಿದೆ, ವಿಲೇವಾರಿ ಮಾಡಿ" ಎನ್ನುತ್ತಿತ್ತು. ಅದರ ಲೆಕ್ಕದಲ್ಲಿ ಕಮಲಾಪುರದ ಬಾಳೆ ಕಾಯಾಗಿ ಹುಟ್ಟಿ ಕೊಳೆತು ಸಾಯಬೇಕು. ನಡುವೆ ಹಣ್ಣಾಗುವ ದಿನವೇ ಅದಕ್ಕಿಲ್ಲ.

ಪಂಚಶೀಲಾ ಹೋಗಿ ಹೇಳಿದಳು. "ಸರ್, ಇದು ಕೆಂಪ ಬಾಳಿ ಅದರಿ. ಹಳದಿ ಆಗಂಗಿಲ್ಲ, ಎಷ್ಟ ಕಾದ್ರೂ ಆಗಂಗಿಲ್ಲ."

ಪ್ರೇಮಕುಮಾರ ಕೊರಳ ಕಾರ್ಡು ಸರಿಮಾಡಿಕೊಂಡು ನಕ್ಕ. "ಅಕ್ಕಾರ, ಹೊಸಾದು ಬಂದಾಗ ಎಲ್ಲಾರ್ಗೂ ಅಂಜಿಕಿ ಇರ್ತದ. ನಿಮ್ಮ ಅನುಭವಕ್ಕ ಗೌರವ ಅದ. ಆದ್ರ ಡಾಟಾ ಮಾತಾಡಬೇಕ್ರಿ, ಮನಷ್ಯಾ ಅಲ್ಲ."

"ಆ ಡಾಟಾ ಒಮ್ಮಿ ಮೂಸಿ ನೋಡಿತೇನ್ರಿ ಸರ್?"

ಅವನು ಡೈರಿಯಲ್ಲಿ ಏನೋ ಬರೆದುಕೊಂಡ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ, ಎಂದುಕೊಂಡು ಪಂಚಶೀಲಾ ತನ್ನ ಪಾಡಿಗೆ ತಾನು ಕೆಂಪು ಬಾಳೆಯ ಕೋಣೆಗಳನ್ನು ಕುತ್ತಿಗೆ ನೋಡಿಯೇ ತೆಗೆಸಿದಳು. ಹಣ್ಣು ಶಹಾಬಜಾರಕ್ಕೆ ಹೋಗಿ ಮಧ್ಯಾಹ್ನದೊಳಗೆ ಖಾಲಿಯಾಯಿತು. ಗಿರಾಕಿಗಳು ಹೊಗಳಿದರು, ಸೇಠ ಪ್ರೇಮಕುಮಾರನ ಬೆನ್ನು ತಟ್ಟಿದ. ಆದರೆ ಆ್ಯಪ್ ಬೇಡವೆಂದಾಗ ಬಾಗಿಲು ತೆಗೆದದ್ದಕ್ಕೆ ಪ್ರತಿ ಸಲವೂ ಅವಳ ಹೆಸರಿನಲ್ಲಿ ಒಂದೊಂದು ತಪ್ಪು ದಾಖಲಾಗುತ್ತಿತ್ತು. ಹಾಗೆ ಹುಟ್ಟಿದ್ದು ಆ ಮೂವತ್ತೆಂಟು.

ಆ ಹಾಳೆಯ ಮುಂದೆ ನಿಂತು ಪಂಚಶೀಲಾ ಮನೆಯ ಲೆಕ್ಕ ಹಾಕಿದಳು. ಗಂಡ ತೀರಿಹೋಗಿ ಏಳು ವರ್ಷ, ಮಗಳು ನರ್ಸಿಂಗ್ ಎರಡನೇ ವರ್ಷ. ಈ ಕೆಲಸ ಬಿಟ್ಟರೆ ಅವಳಿಗೆ ಬೇರೆ ಬರುವುದಿಲ್ಲ, ಬರುವ ಕೆಲಸಕ್ಕೆ ಈಗ ಮೊಬೈಲು ಬಂದಿದೆ. ನೇರ ಕ್ಯಾಬಿನ್‌ಗೆ ಹೋದಳು. "ಸೇಠರ, ನೀವೇ ಹೇಳ್ರಿ, ನನ್ನ ಕೈ ತಪ್ಪೇನು?"

ಬುರ್ಹಾನುದ್ದೀನ್ ಅವಳ ಮುಖ ನೋಡಲಿಲ್ಲ. "ನಿನ್ನ ಕೈ ಮ್ಯಾಲ ನನಗ ಭರೋಸಾ ಅದವಾ. ಆದ್ರ ಸಿಸ್ಟಂ ಅಂತ ಒಂದು ಇಟ್ಟೀವಿ. ನಾನೇ ಮುರದ್ರ ಹ್ಯಾಂಗ? ಲೀಡರ್ ನಡು ಬಾಯಿ ಹಾಕಬಾರದಂತ ಶಿಬಿರದಾಗ ಹೇಳಿಕೊಟ್ಟಾರ. ಒಂದ್ ವಾರ ಅವ್ರು ಹೇಳ್ದಂಗ ಕೇಳು."

ಅವತ್ತು ಪಂಚಶೀಲಾಳಿಗೆ ರೇಗಿತು. ಕೇಳಬೇಕೇ, ಕೇಳುತ್ತೇನೆ. ಒಂದು ವಾರ ಬರೀ ಕೇಳುತ್ತೇನೆ, ಇವರ ಹಣ್ಣು ಇವರ ಮೂಗಿಗೇ ಬರಲಿ! ಹೆದರಿಕೆ ಎಷ್ಟಿತ್ತೋ ಹಟವೂ ಅಷ್ಟೇ ಇತ್ತು. ಯಾವುದು ಹೆಚ್ಚು ಎಂದು ಅವಳೇ ತೂಗಿ ನೋಡಲಿಲ್ಲ.

ಮೂರನೇ ಕೋಣೆಯಲ್ಲಿ ಕೆಂಪು ಬಾಳೆ ಇತ್ತು. ಮಂಗಳವಾರ ಒಳಗೆ ಹೋದಾಗಲೇ ಘಮ ಎದುರಿಗೆ ಬಂತು. ಕುತ್ತಿಗೆ ಹಿಡಿದಳು, ಹಣ್ಣು "ಇವತ್ತೇ" ಎಂದಿತು. ಫೋಟೊ ಹೊಡೆದಳು. ಆ್ಯಪ್ "ಕಾಯಿ, ಇನ್ನೂ ಎರಡು ದಿನ" ಎಂದಿತು. ಬಾಗಿಲು ಮುಚ್ಚಿದಳು. ಬುಧವಾರವೂ ಹಾಗೇ. ಗುರುವಾರ ಹಮಾಲರು ಬಾಗಿಲಿಗೆ ಬಂದು ನಿಂತು, "ಅಕ್ಕಾ, ವಾಸನಿ ರಸ್ತೇಕ ಬರಾಕತ್ತದ, ತೆಗೀಲೇನು?" ಎಂದು ಕೇಳಿದರು. "ಮೊಬೈಲಿಗಿ ಕೇಳ್ರಿ," ಎಂದು ಮುಖ ತಿರುವಿದಳು. ಶುಕ್ರವಾರ ಆ್ಯಪ್ "ಕೊಳೆತಿದೆ" ಎಂದಿತು. ಕೋಣೆಗೆ ಕೋಣೆಯೇ ಹಿಂದಿನ ಗುಂಡಿಗೆ ಬಿತ್ತು. ಕೋಟನೂರಿನ ಎಮ್ಮೆಗಳು ಎರಡು ದಿನ ಹಬ್ಬ ಮಾಡಿದವು.

ಈಗ ಪ್ರೇಮಕುಮಾರನ ಮುಖ ನೋಡಬೇಕು ಎಂದು ಅವಳು ಕಾದಳು. ಅವನ ಮುಖಕ್ಕೆ ಏನೂ ಆಗಲಿಲ್ಲ. ಶನಿವಾರ ಎಲ್ಲರನ್ನೂ ಸುತ್ತ ನಿಲ್ಲಿಸಿ, ಬಂದ ಮಾಲೇ ಕಳಪೆ ಎಂದು ವಿವರಿಸಿದ. ಮಾಲು ಹಾಕಿದ ತೋಟದವರಿಗೆ ಹಾಗೆಂದು ಮೊಬೈಲಿಗೆ ಸಂದೇಶವೂ ಹೋಗಿದೆ ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡು, ಈ ವಾರ ಒಂದೇ ಒಂದು ತಪ್ಪಿಲ್ಲದೆ ನೂರಕ್ಕೆ ನೂರು ತೆಗೆದವರು ನಮ್ಮ ಪಂಚಶೀಲಕ್ಕಾರು ಎಂದ. ಚಪ್ಪಾಳೆ. ಸೇಠ ಸ್ವತಃ ಪ್ರಮಾಣಪತ್ರ ಕೊಟ್ಟ. ಫೋಟೊ ತೆಗೆದು ಚೌಕಟ್ಟು ಹಾಕಿಸಿ ಬಾಗಿಲ ಎದುರಿಗೆ ತೂಗುಹಾಕಿದರು, 'ವಾರದ ತಾರೆ' ಎಂದು ಕೆಳಗೆ ಬರಹ. ಹಿತ್ತಲಿನಿಂದ ಕೊಳೆತ ನಾತ ಬರುತ್ತಿತ್ತು, ಮುಂದೆ ಎಲ್ಲರೂ ಪೇಢೆ ತಿಂದರು. ಪಂಚಶೀಲಾಳೂ ತಿಂದಳು. ಕೆಲಸ ಉಳಿಯಿತಲ್ಲ ಎಂಬ ಸಮಾಧಾನ ನಿಜವಾಗಿಯೂ ಇತ್ತು, ಅದನ್ನು ಮುಚ್ಚಿಡುವುದು ಯಾಕೆ?

ಸೋಮವಾರ ಹತ್ತು ಗಂಟೆಗೆ ಕಮಲಾಪುರದ ಬಸ್ಸು ಇಳಿದು ಹಣಮಮ್ಮ ಬಂದಳು. ಎಪ್ಪತ್ತು ದಾಟಿದ ಮುದುಕಿ, ಆಟೋದವನ ಕೂಡ ಜಗಳಾಡಿಕೊಂಡೇ ಗೇಟಿನೊಳಗೆ ಕಾಲಿಟ್ಟಳು. ಸೆರಗಿನಿಂದ ಮೊಬೈಲು ತೆಗೆದು ಪಂಚಶೀಲಾಳ ಕೈಗೆ ತುರುಕಿದಳು. "ಇದರಾಗ ಏನ್ ಬರದಾರ ಓದು. ಓಣ್ಯಾಗಿನ ಹುಡುಗಿ ಓದಿದ್ದು ನಾ ನಂಬಲಿಲ್ಲ."

'ನಿಮ್ಮ ಮಾಲು ಕಳಪೆ ಗುಣಮಟ್ಟದ್ದಾಗಿರುವುದರಿಂದ ತಿರಸ್ಕರಿಸಲಾಗಿದೆ.' ಪಂಚಶೀಲಾ ಓದಿ ಮೊಬೈಲನ್ನು ಮುದುಕಿಯ ಕೈಗೆ ಕೊಟ್ಟಳು. ಮೂರನೇ ಕೋಣೆಯಲ್ಲಿ ಯಾರ ಯಾರ ತೋಟದ ಗೊನೆಗಳಿದ್ದವು ಎಂದು ಆ ವಾರ ಅವಳು ಕ್ರೇಟಿನ ಚೀಟಿ ನೋಡಿರಲೇ ಇಲ್ಲ. ಹಿಂದೆಂದೂ ನೋಡದೆ ಬಾಗಿಲು ಮುಚ್ಚಿದವಳಲ್ಲ. ಹಟಕ್ಕೆ ಬಿದ್ದವಳಿಗೆ ಚೀಟಿ ಯಾಕೆ ಬೇಕಿತ್ತು?

"ಆಯಿ, ನಿನ್ನ ಹಣ್ಣ ಅಂತ ನನಗ ಗೊತ್ತಿರಲಿಲ್ಲ," ಎಂದಳು.

"ನಂದು ಅಲ್ದಿದ್ರ ಕೊಳೀಲಿ ಅಂತಿದ್ದೇನು?" ಹಣಮಮ್ಮ ಅವಳ ಬಲಗೈ ಹಿಡಿದು ಮಗುಚಿ ನೋಡಿದಳು. "ಕೈಗೇನಾಗ್ಯದ? ಕುತ್ತಿಗಿ ಹಿಡೀಲಿಲ್ಲೇನು?"

"ಹಿಡಿದಿದ್ದೆ. ಮಂಗಳವಾರೇ ಹಣ್ಣಾಗಿತ್ತು."

"ಮತ್ತ?"

ಮುದುಕಿಯ ಕಣ್ಣು ಎದುರಿನ ಗೋಡೆಗೆ ಹೋಯಿತು. ಚೌಕಟ್ಟಿನೊಳಗೆ ಪಂಚಶೀಲಾ ಹಲ್ಲು ಕಿರಿದುಕೊಂಡು ನಿಂತಿದ್ದಳು. "ಇದ್ಯಾಕ ನಿನ್ನ ಫೋಟೊ ಹಾಕ್ಯಾರ? ಸತ್ತವ್ರದಲ್ಲೇನು ಹಿಂಗ ಹಾಕೂದು?"

"ಬಹುಮಾನ ಕೊಟ್ಟಾರ, ಆಯಿ."

"ಯಾತಕ್ಕ?"

"ಹೇಳಿದ್ದು ಕೇಳಿದ್ದಕ್ಕ."

ಹಣಮಮ್ಮ ಬೈಯಲಿಲ್ಲ. ಜೀವಮಾನವಿಡೀ ಬೈದವಳು ಅವತ್ತು ಬೈಯದಿದ್ದದ್ದು ಪಂಚಶೀಲಾಳಿಗೆ ತಡೆಯಲಾಗಲಿಲ್ಲ. ಮುದುಕಿ ಮೊಬೈಲನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು, "ನೀ ಅದಿ ಅಂತ ಇಲ್ಲಿಗಿ ಕಳಸತಿದ್ದೆ," ಎಂದಷ್ಟೇ ಹೇಳಿ ಹಳದಿ ಗೆರೆ ತುಳಿದುಕೊಂಡು ಗೇಟಿನ ಕಡೆ ನಡೆದಳು.

ಇಷ್ಟು ದಿನ ಪಂಚಶೀಲಾ ಪ್ರೇಮಕುಮಾರನಿಗೆ, ಸೇಠನಿಗೆ, ಆ ಮೊಬೈಲಿಗೆ ಛೀ ಎಂದಿದ್ದಳು. ಅವತ್ತು ತನಗೇ ಛೀ ಎಂದುಕೊಂಡಳು. ತಿಳಿಯದವರು ಕೊಳೆಸಿದ್ದಕ್ಕಿಂತ ತಿಳಿದವಳು ಕೊಳೆಸಿದ್ದು ಹೆಚ್ಚು ಹೇಸಿಗೆ. ಆಮೇಲೆ ನಾಲ್ಕನೇ ಕೋಣೆಗೆ ಹೋದಳು. ಅಲ್ಲಿಯೂ ಕೆಂಪು ಬಾಳೆ, ಆ್ಯಪ್ ಅದಕ್ಕೆ ಬೆಳಿಗ್ಗೆಯೇ ಇನ್ನೂ ಎರಡು ದಿನ ಎಂದು ತೀರ್ಪು ಕೊಟ್ಟಿತ್ತು. ಕುತ್ತಿಗೆ ಹಿಡಿದಳು, ತೊಟ್ಟು ಮೂಸಿದಳು. ಹೊರಗೆ ಬಂದು ಹಮಾಲರಿಗೆ "ತೆಗೀರಿ" ಎಂದಳು.

ಕ್ರೇಟುಗಳು ಹೊರಗೆ ಬರುವುದನ್ನು ಕಂಡು ಪ್ರೇಮಕುಮಾರ ಓಡಿಬಂದ. "ಅಕ್ಕಾರ, ಏನ್ ಮಾಡಾಕತ್ತೀರಿ? ನಿನ್ನೆ ಮೊನ್ನೆ ತಾರೆ ಆಗೀರಿ. ಇದು ತಪ್ಪಂತ ದಾಖಲ್ ಆಗ್ತದ್ರಿ."

"ಬರ್ಕೋರಿ ಸರ್," ಎಂದಳು ಪಂಚಶೀಲಾ, ಕ್ರೇಟಿನಿಂದ ಕಣ್ಣು ತೆಗೆಯದೆ.

ಅವನು ಬರೆದುಕೊಂಡ. ಆ ವಾರ ಅವಳಿಗೆ ಇಪ್ಪತ್ತೊಂಬತ್ತು, ಮರುವಾರ ಇಪ್ಪತ್ನಾಲ್ಕು. ಎರಡು ವಾರವೂ ಕೆಂಪು ಬಾಳೆ ಒಂದೂ ಕೊಳೆಯಲಿಲ್ಲ. ಮೂರನೇ ವಾರ ಅವಳು ಗೇಟಿಗೆ ಬಂದಾಗ ಲಕೋಟೆ ಕಾದಿತ್ತು. ಸೇಠ ಕ್ಯಾಬಿನ್ನಿನಿಂದ ಹೊರಗೆ ಬರಲಿಲ್ಲ. ಲೀಡರ್ ನಡುವೆ ಬಾಯಿ ಹಾಕಬಾರದಲ್ಲ!

ಈಗ ಅವಳು ದಿನಾ ಬೆಳಿಗ್ಗೆ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗುತ್ತಾಳೆ. ಹಣಮಮ್ಮನ ಕೊಟ್ಟಿಗೆಯಲ್ಲಿ ನಾಲ್ಕು ತೋಟದವರ ಗೊನೆಗಳನ್ನು ಹುಲ್ಲಿನಲ್ಲಿ ಮಾಗಿಸುತ್ತಾಳೆ. ಮುದುಕಿ ಮೊದಲಿನ ಹಾಗೆ ಬೈಯುತ್ತಾಳೆ. ಕೈಗೆ ಬರುವ ಹಣ ಮೊದಲಿನ ಅರ್ಧವೂ ಇಲ್ಲ, ಮಗಳ ಮೂರನೇ ವರ್ಷಕ್ಕೆ ಏನು ಮಾಡುವುದೆಂದು ಇನ್ನೂ ತಿಳಿದಿಲ್ಲ.

ಕೋಟನೂರಿನ ಗೋದಾಮಿನಲ್ಲಿ ಪಾಯಖಾನೆಗೆ ಚಿಲಕ ಇನ್ನೂ ಬಂದಿಲ್ಲ. ಗೋಡೆಯ ಮೇಲಿನ ಫೋಟೊ ಇಳಿಸಬೇಕೆಂದು ಯಾವ ಪಟ್ಟಿಯಲ್ಲೂ ಇರಲಿಲ್ಲವಾಗಿ ಅದು ಹಾಗೇ ಇದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳನ್ನು ಪ್ರೇಮಕುಮಾರ ಮೊದಲ ದಿನ ಅದರ ಮುಂದೆ ನಿಲ್ಲಿಸುತ್ತಾನೆ. "ಇವ್ರನ್ನ ನೋಡಿ ಕಲೀರಿ," ಎನ್ನುತ್ತಾನೆ.