ಜಂಬುನಾಥ ಮೇಷ್ಟ್ರ ಇಪ್ಪತ್ತನೆಯ ರೋಗಿ

ಹಳೆಯ ಮೊಪೆಡ್ಡಿನ ಮೇಲೆ ಕೂತು ಐದು ತಾಲ್ಲೂಕುಗಳ ಮೇಲೆ ಒಬ್ಬರೇ ದಂಡೆತ್ತಿ ಹೋದ ವೀರರು ನಮ್ಮ ಕಾಲದಲ್ಲಿ ಕೊಟ್ಟೂರಿನ ಜಂಬುನಾಥ ಮೇಷ್ಟ್ರೊಬ್ಬರೇ. ಅವರ ಆಯುಧ ಕೂದಲಿಗಿಂತ ತುಸು ದಪ್ಪನೆಯ ಸೂಜಿ. ಗೆಲ್ಲಬೇಕಾಗಿದ್ದದ್ದು ಯಾವುದಾದರೂ ಆಸ್ಪತ್ರೆಯ ಒಂದು ಸಹಿ.

ಗೊಬ್ಬರದಂಗಡಿಯ ಮಹಡಿಯಲ್ಲಿ ಅವರ ಅಕ್ಯುಪಂಕ್ಚರ್ ಶಾಲೆ. ಹನ್ನೊಂದು ವಿದ್ಯಾರ್ಥಿಗಳು, ಮೈತುಂಬ ಚುಕ್ಕಿ ಬರೆಸಿಕೊಂಡ ಒಬ್ಬ ಪ್ಲಾಸ್ಟಿಕ್ ಮನುಷ್ಯ. ಅವನಿಗೆ ಎರಡು ವರ್ಷದಲ್ಲಿ ಒಮ್ಮೆಯೂ ಸೊಂಟ ನೋಯಲಿಲ್ಲ. ಹುಡುಗರಿಗೆ ಬೇಸರ ಬಂತು.

"ಸಾರ್, ಸರ್ಟಿಫಿಕೇಟ್ ಮ್ಯಾಲೆ ಆಸ್ಪತ್ರಿ ಹೆಸರು ಇಲ್ಲಂದ್ರ ಮುಂದಿನ ತಿಂಗಳಿಂದ ಬರಂಗಿಲ್ರಿ."

ಆಸ್ಪತ್ರೆಯೊಂದಿಗೆ ಒಡಂಬಡಿಕೆ ಆಗಬೇಕು, ಇಲ್ಲವೇ ಶಾಲೆ ಮುಚ್ಚಬೇಕು. ಮೇಷ್ಟ್ರು ಹುಡುಗರಿಂದ ನಾಲ್ಕು ತಿಂಗಳ ಗಡುವು ಬೇಡಿ ಪಡೆದು ಹೊರಟರು. ಕೂಡ್ಲಿಗಿಯ ಡಾಕ್ಟರು ಊಟಕ್ಕೆ ಹೋದವರು ತಿರುಗಿ ಬರಲಿಲ್ಲ. ಹಗರಿಬೊಮ್ಮನಹಳ್ಳಿಯವರು ನಕ್ಕರು. ಹಡಗಲಿಯವರು ಚಹಾ ಕುಡಿಸಿ, ಮನೆಯವರಿಗೆಂದು ಒಂದು ಮೊಳ ಮಲ್ಲಿಗೆ ಕೊಟ್ಟು ಕಳಿಸಿದರು. ಹರಪನಹಳ್ಳಿಯಲ್ಲಿ ಅದೂ ಇಲ್ಲ. ಸೋತು ಊರಿಗೆ ಮರಳಿದ ಮೇಷ್ಟ್ರಿಗೆ ಅಲ್ಲಿನ ಸಣ್ಣ ಆಸ್ಪತ್ರೆಯ ಡಾಕ್ಟರ್ ಅರುಣಕುಮಾರ್ ಕರಾರೊಂದನ್ನು ಹಾಕಿದರು.

"ಮೂರು ತಿಂಗಳು ಒಂದು ರೂಮು ಕೊಡ್ತೀನಿ ಮೇಷ್ಟ್ರೇ. ನಿಮ್ಮ ಸೂಜಿ ಒಂದರಿಂದಲೇ ನೋವು ಹೋಯ್ತು ಅನ್ನೋ ಇಪ್ಪತ್ತು ಜನರ ಸಹಿ ತನ್ನಿ. ನಾನೂ ಹಾಕ್ತೀನಿ."

ಕೊಟ್ಟ ರೂಮು ಇಂಜೆಕ್ಷನ್ ಕೋಣೆಯ ಎದುರಿಗೇ ಇತ್ತು. ನಾಶಕ್ಕೆ ಅಷ್ಟು ಸಾಕಾಯಿತು.

ಮೊದಲ ರೋಗಿ ಹಮಾಲಿ ಎರ್ರೆಪ್ಪ. ಮೊಣಕಾಲಿಗೆ ಏಳು ಸೂಜಿ ಚುಚ್ಚಿಸಿಕೊಂಡು ಕೇಳಿದ: "ಔಷಧಿ ಯಾವಾಗ ಬಿಡ್ತೀರಿ?"

"ಇದರಾಗ ಔಷಧಿ ಇರಂಗಿಲ್ಲಪ್ಪ."

"ಏಳೂ ಖಾಲಿನೇನ್ರಿ!" ಎಂದವನೇ ನೆಟ್ಟಗೆ ಎದ್ದು, ಕುಂಟದೆ, ಎದುರಿನ ಕೋಣೆಗೆ ಹೋಗಿ ನರ್ಸ್ ನಾಗರತ್ನಳ ಹತ್ತಿರ ಒಂದು ತುಂಬಿದ್ದನ್ನು ಮಾಡಿಸಿಕೊಂಡ.

ನಮ್ಮ ಕಡೆಯವರು ಹಾಗೇ. ಇಂಜೆಕ್ಷನ್ ಇಲ್ಲದೆ ಆಸ್ಪತ್ರೆಯಿಂದ ಮರಳುವುದೆಂದರೆ ಸಂತೆಗೆ ಹೋಗಿ ಖಾಲಿ ಚೀಲ ತಂದಂತೆ. ನೋವು ಈ ಕೋಣೆಯಲ್ಲಿ ಹೋಗುತ್ತಿತ್ತು, ಹೆಸರು ಆ ಕೋಣೆಗೆ ಬರುತ್ತಿತ್ತು. ಆದರೂ ಮೇಷ್ಟ್ರು ಜಾಣರು. ನಾಗರತ್ನಳ ರಜೆಯಿಂದ ಭಾನುವಾರ ಇಂಜೆಕ್ಷನ್ ಕೋಣೆಗೆ ಬೀಗ ಬೀಳುವುದನ್ನು ಕಂಡುಹಿಡಿದು, ಭಾನುವಾರಗಳಂದೇ ಮುತ್ತಿಗೆ ಹಾಕಿ ಹತ್ತೊಂಬತ್ತು ಸಹಿ ಗೆದ್ದರು. ಆದರೆ ಕೊನೆಯ ದಿನ ಸೋಮವಾರ ಬಂತು. ಇನ್ನೊಂದು ಸಹಿ ಬಾಕಿ.

ಅದಕ್ಕೆಂದೇ ಗುಡೇಕೋಟೆಯಿಂದ ಸ್ವಂತ ಅಕ್ಕ ಪಕ್ಕೀರಮ್ಮನನ್ನು ಕರೆಸಿದರು. ಆರು ತಿಂಗಳಿಂದ ಆಕೆಗೆ ಬಲಗೈ ಎತ್ತಿ ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ಡಾಕ್ಟರು ಖುದ್ದಾಗಿ ಬಂದು ನಿಂತರು. ಮೇಷ್ಟ್ರು ಅರ್ಧ ಗಂಟೆ ಸೂಜಿ ಇಟ್ಟು ತೆಗೆದರು. ಅಕ್ಕನ ಕೈ ಮೆಲ್ಲಗೆ ಎದ್ದು ತುರುಬು ಮುಟ್ಟಿತು! ಮೇಷ್ಟ್ರ ಕಣ್ಣು ತುಂಬಿ ಬಂತು.

"ಸಹಿ ಹಾಕಕ್ಕ."

"ತಡಿಯೋ ತಮ್ಮಾ. ಎರಡು ಬಸ್ಸು ಬದಲು ಮಾಡಿ ಬಂದೀನಿ, ಹಂಗ ಹೋಗಾಕ ಬರತೈತೇನು? ಒಂದು ಇಂಜೆಕ್ಷನ್ ಮಾಡಿಸ್ಕೊಂಡು ಬರ್ತೀನಿ."

"ನೋವೇ ಇಲ್ಲಲ್ಲಕ್ಕ!"

"ಇಲ್ಲ. ಊರಾಗ ಎಷ್ಟು ಇಂಜೆಕ್ಷನ್ ಮಾಡಿದ್ರು ಅಂತ ಕೇಳ್ತಾರಲ್ಲ, ಏನು ಹೇಳ್ಲಿ?"

ತಮ್ಮ ವಾಸಿಮಾಡಿದ ಅದೇ ಬಲಗೈಯಿಂದ ಎದುರಿನ ಬಾಗಿಲನ್ನು ದಡಕ್ಕನೆ ನೂಕಿಕೊಂಡು ಒಳಗೆ ಹೋದಳು. ಮೇಷ್ಟ್ರು ನಾಗರತ್ನಳತ್ತ ಕೈಮುಗಿದರು. "ಮಾಡಂಗಿಲ್ಲ ಅಂದ್ರ ಬೈತಾರ್ರಿ ಸಾರ್," ಎಂದಳು ಆಕೆ, ಆಗಲೇ ಹತ್ತಿ ಒದ್ದೆ ಮಾಡುತ್ತ.

ಅಕ್ಕ ಹೊರಬಂದು ಡಾಕ್ಟರಿಗೆ ಹೇಳಿದಳು: "ನಿಮ್ಮ ಇಂಜೆಕ್ಷನ್ ಭಾಳ ಚಲೋ ಐತ್ರಿ. ನೋಡ್ರಿ, ಕೈ ಹೆಂಗ ಮ್ಯಾಲೆ ಹೋಗ್ತೈತಿ!"

"ಹತ್ತೊಂಬತ್ತೇ ಆಯ್ತಲ್ಲ ಮೇಷ್ಟ್ರೇ," ಎಂದು ಡಾಕ್ಟರು ಪೆನ್ನಿನ ಕ್ಯಾಪು ಹಾಕಿದರು.

ವಾರದೊಳಗೆ ಹುಡುಗರು ಚದುರಿದರು. ಮೇಷ್ಟ್ರು ಪ್ಲಾಸ್ಟಿಕ್ ಮನುಷ್ಯನನ್ನು ಹೆಗಲ ಮೇಲೆ ಹೊತ್ತು ಮಹಡಿ ಇಳಿಯುವಾಗ ಸೊಂಟ ಹಿಡಿಯಿತು. ಸೊಂಟನೋವಿನ ಚುಕ್ಕಿಗಳು ಅವರಿಗೆ ಬಾಯಿಪಾಠ. ಆದರೆ ಬೆನ್ನ ಹಿಂದೆ ಕೈ ನಿಲುಕಲಿಲ್ಲ. ಚುಚ್ಚಲು ಬಲ್ಲ ಹನ್ನೊಂದು ಜನರಲ್ಲಿ ಒಬ್ಬರೂ ಊರಲ್ಲಿರಲಿಲ್ಲ.

ಗೋಡೆ ಹಿಡಿದು ನಡೆದು ಹೋಗಿ, ಆಸ್ಪತ್ರೆಯ ಸಾಲಿನಲ್ಲಿ ಎರ್ರೆಪ್ಪನ ಹಿಂದೆ ನಿಂತರು. ಸರದಿ ಬಂದಾಗ ನಾಗರತ್ನ ಹತ್ತಿ ಒದ್ದೆ ಮಾಡಿದಳು. ಸಿರಿಂಜಿಗೆ ಔಷಧಿ ಎಳೆದುಕೊಂಡಳು.