ಅತ್ತೆಯ ಬುಟ್ಟಿಗಳು, ನನ್ನ ಫೈಲು

ಲಾಸ್ ಏಂಜಲೀಸಿನ ಪಕ್ಕದ ಬರ್ಬ್ಯಾಂಕಿನಲ್ಲಿದ್ದ ನಮ್ಮತ್ತೆಯ ಅಡುಗೆಮನೆಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುತ್ತಿದ್ದುದು ಅಕ್ರೋಟಿನ ಸಿಪ್ಪೆ ಕುದಿಯುವ ವಾಸನೆ. ಕಾಯಿಯ ಮೇಲಿನ ಹಸಿರು ಸಿಪ್ಪೆಯನ್ನು ದೊಡ್ಡ ಪಾತ್ರೆಯಲ್ಲಿ ಬೇಯಿಸಿ, ಆ ಕಪ್ಪು ನೀರಿನಲ್ಲಿ ಬುಟ್ಟಿ ಹೆಣೆಯುವ ಬೆತ್ತದ ಸಣ್ಣ ಎಳೆಗಳನ್ನು ಅದ್ದಿಡುತ್ತಿದ್ದರು. ಒಂದೆರಡು ದಿನದಲ್ಲಿ ಅವು ಕಾಫಿಪುಡಿಯ ಬಣ್ಣಕ್ಕೆ ತಿರುಗುತ್ತಿದ್ದವು. ಮದುವೆಯಾದ ಹೊಸದರಲ್ಲಿ ಒಮ್ಮೆ ನಾನು ಅದನ್ನು ಸಾರು ಎಂದುಕೊಂಡು ಮುಚ್ಚಳ ತೆಗೆದು ಸೌಟು ಹಾಕಿದ್ದೆ. ಅತ್ತೆ ಪಕ್ಕದಲ್ಲೇ ನಿಂತು, "ರುಚಿ ನೋಡು, ನಾ ಏನ್ ಬ್ಯಾಡ ಅನ್ನಂಗಿಲ್ಲ" ಎಂದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಅವರೇನು ಕನ್ನಡ ಮಾತಾಡಿದವರಲ್ಲ. ಅತ್ತೆ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನ, ಹುಟ್ಟಿದ್ದು ಓಕ್ಲಹೋಮಾದಲ್ಲಿ, ಬೆಳೆದದ್ದು ಲಾಸ್ ಏಂಜಲೀಸಿನಲ್ಲಿ. ನಾನು ಧಾರವಾಡದವಳು. ಅವರ ಮಗ ನನಗೆ ಸಿಕ್ಕಿದ್ದು ಸೊರೆಂಟೊ ವ್ಯಾಲಿಯ ಆಫೀಸಿನಲ್ಲಿ; ನಾವಿಬ್ಬರೂ ಮಗಳೂ ಇರುವುದು ಸ್ಯಾನ್ ಡಿಯಾಗೊದ ಫೋರ್ ಎಸ್ ರ್ಯಾಂಚ್‌ನಲ್ಲಿ. ಗಂಡನೂ ಅತ್ತೆಯೂ ನನ್ನೊಡನೆ ಆಡುವುದೆಲ್ಲ ಇಂಗ್ಲಿಷೇ. ಆದರೆ ಅವರಿಬ್ಬರ ಮಾತೂ ನನ್ನ ತಲೆಯೊಳಗೆ ಹೇಗೋ ಧಾರವಾಡದ ಕನ್ನಡವಾಗಿ ಕೂತುಬಿಟ್ಟಿದೆ, ಬೇರೆ ಥರ ಬರೆಯಲು ನನಗೆ ಬರುವುದಿಲ್ಲ.

ಬಹಳ ವರ್ಷ ಸ್ಟುಡಿಯೋ ಒಂದರಲ್ಲಿ ನಟರ ಬಟ್ಟೆ ಹೊಲಿದು ರಿಟೈರ್ ಆದ ಮೇಲೆ ಅತ್ತೆ ಬುಟ್ಟಿಯ ವ್ಯಾಪಾರ ಶುರುಮಾಡಿದ್ದರು. ಅವರ ಅಜ್ಜಿ ಕಾಡುಬಳ್ಳಿ ತಂದು ಹೆಣೆಯುತ್ತಿದ್ದರಂತೆ. ಅವರ ಅಮ್ಮ ಲಾಸ್ ಏಂಜಲೀಸಿಗೆ ಬಂದಮೇಲೆ ಆ ಬಳ್ಳಿ ಸಿಗದೆ ಅಂಗಡಿಯ ಬೆತ್ತಕ್ಕೆ ಇಳಿದರು. ಬುಟ್ಟಿಯ ರೀತಿ ಮಾತ್ರ ಬದಲಾಗಲಿಲ್ಲ. ಒಳಗಿನ ತಳದಿಂದ ಹೆಣೆಯುತ್ತ ಮೇಲೆ ಬಂದು, ಬಾಯಿಯ ಹತ್ತಿರ ಎಳೆಗಳನ್ನೆಲ್ಲ ಹೊರಕ್ಕೆ ಬಗ್ಗಿಸಿ, ಮತ್ತೆ ಹೊರಗಿನಿಂದ ಹೆಣೆಯುತ್ತ ತಳಕ್ಕೆ ಇಳಿಯಬೇಕು. ಬುಟ್ಟಿಗೆ ಹೀಗೆ ಎರಡು ಗೋಡೆ. ನಮ್ಮೂರಿನ ಮೇದಾರರು ಹೆಣೆದ ಬುಟ್ಟಿ, ಮೊರಗಳನ್ನು ನೋಡುತ್ತ ಬೆಳೆದ ನನಗೂ ಆ ಬಾಯಿಯ ತಿರುವು ಎಲ್ಲಿ ಆಯಿತೆಂದು ಕಣ್ಣಿಗೆ ಹಿಡಿಯುತ್ತಿರಲಿಲ್ಲ. ವಾರದ ಸಂತೆಗಳಲ್ಲಿ ಟೇಬಲ್ ಹಾಕಿ ಕೂತಾಗ ಕೊಳ್ಳುವವರು ಏನೇ ಕೇಳಿದರೂ ಅತ್ತೆಯದು ಒಂದೇ ಉತ್ತರ, "ನಮ್ಮವ್ವ ಕಲಿಸಿದ್ದು."

ಇಪ್ಪತ್ತರ ಲಾಕ್‌ಡೌನ್‌ನಲ್ಲಿ ಸಂತೆಗಳು ನಿಂತವು. ಅತ್ತೆಯ ಕೈ ನಿಲ್ಲಲಿಲ್ಲ. ಬುಟ್ಟಿಗಳು ಅತಿಥಿಗಳ ಕೋಣೆಯ ಮಂಚ ತುಂಬಿ, ಕೆಳಗಿಳಿದು, ಬಾಗಿಲಿಗೆ ಬಂದವು. ಆಗ ನಾನು ಮನೆಯಿಂದಲೇ ಕೆಲಸ ಮಾಡುತ್ತ, ಒಂದು ಶನಿವಾರ ಕೂತು ಅವರಿಗೊಂದು ವೆಬ್‌ಸೈಟ್ ಮಾಡಿದೆ. ಫೋಟೋಗಳ ಮೇಲೆ ದಪ್ಪಕ್ಷರದಲ್ಲಿ 'ಅಸಲಿ ಚೆರೋಕಿ ಬುಟ್ಟಿಗಳು' ಎಂದು ಬರೆದೆ. ವಾರದೊಳಗೆ ಹಾಕಿದ್ದೆಲ್ಲ ಮಾರಿಹೋಯಿತು. ಬೀಗುತ್ತ ಫೋನ್ ಮಾಡಿ ಹೇಳಿದೆ.

ಅತ್ತೆ, "ಚೆರೋಕಿ ಅನ್ನೋ ಆ ಹೆಸರು ತಗದುಬಿಡು" ಎಂದರು.

ಆ ದಿನವೇ ನನಗೆ ಗೊತ್ತಾಗಿದ್ದು. ಆ ಹೆಸರು ಹೇಳಿ ಮಾರಬೇಕಾದರೆ ಕಾನೂನಿನ ಪ್ರಕಾರ ನೀವು ಆ ಬುಡಕಟ್ಟಿನ ದಾಖಲೆಯಲ್ಲಿರಬೇಕು. ದಾಖಲೆಗೆ ಸೇರಬೇಕಾದರೆ ನೂರು ವರ್ಷಕ್ಕೂ ಹಿಂದೆ ಸರಕಾರದವರು ಬರೆದುಕೊಂಡ ಒಂದು ಪಟ್ಟಿಯಲ್ಲಿ ನಿಮ್ಮ ಹಿರಿಯರ ಹೆಸರಿರಬೇಕು. ಆ ಪಟ್ಟಿ ಬರೆಯುವವರು ಬಂದಾಗ ಅತ್ತೆಯ ಮುತ್ತಜ್ಜನ ಮನೆಯವರೆಲ್ಲ ಹತ್ತಿ ಬಿಡಿಸಲು ಟೆಕ್ಸಾಸ್‌ಗೆ ಹೋಗಿದ್ದರಂತೆ. ತಿರುಗಿ ಬರುವಷ್ಟರಲ್ಲಿ ಪಟ್ಟಿ ಮುಗಿದಿತ್ತು.

"ಅದರಾಗೇನೈತಿ. ನಾ ಯಾರು ಅಂತ ನನಗ ಗೊತ್ತೈತಿ" ಎಂದು ಅತ್ತೆ ಮಾತು ಮುಗಿಸಿದರು. ನಾನು ವೆಬ್‌ಸೈಟಿನಿಂದ ಆ ಹೆಸರು ಅಳಿಸಿ, ಕೊಂಡವರಿಗೆಲ್ಲ ಬರೆದು ತಪ್ಪೊಪ್ಪಿಕೊಂಡೆ. ಅಲ್ಲಿಗೆ ಬಿಡಬೇಕಿತ್ತು.

ಧಾರವಾಡದಲ್ಲಿದ್ದ ನಮ್ಮವ್ವನಿಗೆ ಇದನ್ನು ವಿಡಿಯೋ ಕಾಲ್‌ನಲ್ಲಿ ಹೇಳಿದರೆ ಅವಳಿಗೆ ತಲೆಬುಡ ತಿಳಿಯಲಿಲ್ಲ. "ಅಲ್ಲವಾ, ತಮ್ಮ ಮಂದಿ ಹೆಸರು ತಾವು ಹೇಳ್ಕೊಳ್ಳಾಕ ಯಾರನ್ನ ಕೇಳಬೇಕು?" ಎಂದಳು. ಯಾವೂರು, ಯಾರ ಪೈಕಿ ಎಂದು ವಿಚಾರಿಸದೆ ಒಂದು ತಂಬಿಗೆ ನೀರೂ ಕೊಡದ ಮನೆ ನಮ್ಮದು. ನನಗೆ ಹಟ ಹಿಡಿಯಿತು. ಎಚ್‌ಒನ್‌ಬಿ, ಗ್ರೀನ್ ಕಾರ್ಡ್, ಸಿಟಿಜನ್‌ಶಿಪ್ ಎಲ್ಲದಕ್ಕೂ ನನ್ನ ಪೇಪರುಗಳನ್ನು ನಾನೇ ಕೈಯಾರೆ ಜೋಡಿಸಿದವಳು. ಇಲ್ಲಿ ನಾಲ್ಕು ಜನ ಕನ್ನಡದವರು ಊಟಕ್ಕೆ ಸೇರಿದರೆ ಹೋಳಿಗೆ ಎಲೆಗೆ ಬೀಳುವ ಮೊದಲೇ ಯಾರ ಅಪ್ಲಿಕೇಶನ್ ಎಲ್ಲಿಗೆ ಬಂತು ಎಂಬ ಮಾತು ಏಳುತ್ತದೆ. ಫೈಲು ಸರಿಯಿದ್ದರೆ ಯಾವ ಬಾಗಿಲೂ ತೆರೆಯುತ್ತದೆ ಎಂದು ನಾವು ನಂಬಿದ್ದೇವೆ. ಅತ್ತೆಯ ಮನೆತನಕ್ಕೂ ಒಂದು ಫೈಲು ಮಾಡಿದರಾಯಿತು ಎಂದುಕೊಂಡೆ.

ಗಂಡ, "ನಮ್ಮವ್ವ ನಿನ್ನ ಕೇಳ್ಯಾಳೇನ? ಕೇಳಿಲ್ಲಂದ್ರ ಬಿಟ್ಟುಬಿಡು" ಎಂದ. ನಾನು ಬಿಡಲಿಲ್ಲ. ಜನನ ಪತ್ರ, ಮದುವೆ ಪತ್ರ, ಮರಣ ಪತ್ರ ಎಂದು ವರ್ಷವಿಡೀ ತರಿಸಿದೆ. ಹಳೆಯ ಪಟ್ಟಿಯನ್ನು ಸಾಲುಸಾಲಾಗಿ ಓದುತ್ತ ಹೋದಾಗ ಒಂದು ಕಡೆ ಅತ್ತೆಯ ಮುತ್ತಜ್ಜಿಯ ಹೆಸರು ಸಿಕ್ಕಿತು. ವಯಸ್ಸೂ ಹೊಂದುತ್ತಿತ್ತು. ಮುತ್ತಜ್ಜಿ ಟೆಕ್ಸಾಸ್‌ಗೆ ಹೋಗದೆ ತವರಿನಲ್ಲಿ ಉಳಿದಿದ್ದಿರಬೇಕು ಎಂದು ನಾನೇ ಕಥೆ ಕಟ್ಟಿದೆ. ಬರ್ಬ್ಯಾಂಕಿಗೆ ಡ್ರೈವ್ ಮಾಡಿ ಹೋಗಿ, ಪ್ರಿಂಟ್ ತೆಗೆದ ಹಾಳೆಯನ್ನು ಅತ್ತೆಯ ಮುಂದಿಟ್ಟು, "ಸಿಕ್ಕರು ನೋಡ್ರಿ ಅತ್ತೀ" ಎಂದೆ.

"ನಿನಗ ಬ್ಯಾರೆ ಕೆಲಸ ಇಲ್ಲೇನ" ಎನ್ನುತ್ತಲೇ ಅತ್ತೆ ಕನ್ನಡಕ ಹುಡುಕಿದರು. ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಬೆರಳಿಗೆ ಹತ್ತಿದ್ದ ಅಕ್ರೋಟಿನ ಕರೆ ಹಾಳೆಯ ಮೇಲೆ ಉಳಿಯಿತು. ದಾಖಲೆಗೆ ಸೇರಿಸಿ ಎಂದು ಬುಡಕಟ್ಟಿನ ಕಚೇರಿಗೆ ಬರೆದ ಅರ್ಜಿಗೆ ಸಹಿ ಹಾಕುವಾಗ, ಯಾವತ್ತೂ ಗೀಚುವ ಹೆಸರನ್ನು ಶಾಲೆಯ ಹುಡುಗಿಯ ಹಾಗೆ ಒಂದೊಂದೇ ಅಕ್ಷರವಾಗಿ ಬರೆದರು.

ಉತ್ತರ ಬರಬೇಕಾದ ವಿಳಾಸ ಎಂದು ನಾನು ನಮ್ಮನೆಯದನ್ನೇ ಕೊಟ್ಟಿದ್ದೆ. ಹಾಗಾಗಿ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದ ಅತ್ತೆ ದಿನಾ ಮಾಡತೊಡಗಿದರು. ಮಧ್ಯಾಹ್ನ ನಾನು ಆಫೀಸಿನ ಪಾರ್ಕಿಂಗ್‌ನಲ್ಲಿ, ಕಾರಿನಲ್ಲಿ ಕೂತು ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಫೋನ್ ಬರುತ್ತಿತ್ತು. "ಪೋಸ್ಟ್ ಬಂತೇನ?" ಎಂದು ಶುರು. ಇಲ್ಲ ಅತ್ತೀ ಎಂದರೆ, ಇರಲಿ ಬಿಡು ಎಂದು ಬೇರೆ ಮಾತಿಗೆ ಹೋಗುತ್ತಿದ್ದರು. ಅವರ ಅಮ್ಮ ಬಾಡಿಗೆ ಮನೆಯ ಸ್ನಾನದ ತೊಟ್ಟಿಯಲ್ಲೇ ಬೆತ್ತ ನೆನೆಹಾಕಿ ಮನೆ ಮಾಲೀಕನಿಂದ ಬೈಸಿಕೊಂಡದ್ದು, ಶಾಲೆಯಲ್ಲಿ ಟೀಚರು ನೀನು ಎಲ್ಲಿಯವಳು ಎಂದರೆ ಅತ್ತೆ ದಿನಕ್ಕೊಂದು ದೇಶದ ಹೆಸರು ಹೇಳಿದ್ದು. ಮಗನಿಗೂ ಹೇಳದ ಸಂಗತಿಗಳು ಅವು. ನಾನು ಚಿತ್ರಾನ್ನ ತಿನ್ನುತ್ತ ಕೇಳುತ್ತಿದ್ದೆ, ಎಷ್ಟೋ ದಿನ ಮೀಟಿಂಗಿಗೆ ತಡವಾಗಿ ಹೋಗುತ್ತಿದ್ದೆ. ಏಳೆಂಟು ತಿಂಗಳು ಹೀಗೇ ನಡೆಯಿತು. ನನಗೆ ಈಗ ಏನಾದರೂ ಮರಳಿ ಬೇಕೆಂದಿದ್ದರೆ ಅದು ಆ ಏಳೆಂಟು ತಿಂಗಳ ಮಧ್ಯಾಹ್ನಗಳು.

ಪತ್ರ ಬಂದದ್ದು ಒಂದು ಮಂಗಳವಾರ. ಒಂದೇ ಹಾಳೆ, ಸೌಜನ್ಯದಿಂದಲೇ ಬರೆದಿದ್ದರು. ಆ ಪಟ್ಟಿಯಲ್ಲಿದ್ದ ಹೆಂಗಸು ಬೇರೆ ಮನೆತನದವಳು, ಮಕ್ಕಳಿಲ್ಲದೆ ತೀರಿಕೊಂಡವಳು. ನಮ್ಮ ಮುತ್ತಜ್ಜಿಯ ಹೆಸರು ಎಲ್ಲೂ ಇಲ್ಲ.

ಮರುದಿನ ಮಧ್ಯಾಹ್ನ ಫೋನ್ ಬಂತು. "ಪೋಸ್ಟ್ ಬಂತೇನ?"

"ಇಲ್ರಿ ಅತ್ತೀ" ಎಂದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆಯೂ ಹೇಳಲಿಲ್ಲ. ಅವರ ದನಿಯಲ್ಲಿದ್ದ ಆಸೆಯನ್ನು ನನ್ನ ಬಾಯಿಂದಲೇ ನಂದಿಸುವ ಧೈರ್ಯ ನನಗಿರಲಿಲ್ಲ. ನಿಜ ಹೇಳಬೇಕೆಂದರೆ ಆ ಫೋನ್ ನಿಲ್ಲುವುದೂ ನನಗೆ ಬೇಕಿರಲಿಲ್ಲ. ಒಂದು ದಿನ ಅವರೇ, "ಬರ್ತೈತೇನ, ಖರೇ ಹೇಳು" ಎಂದು ಕೇಳಿದರು. ನಾನು, "ಬಂದೇ ಬರ್ತೈತ್ರಿ, ನೀವು ಚಿಂತಿ ಮಾಡಬ್ಯಾಡ್ರಿ" ಎಂದೆ. ಸುಳ್ಳು ಹೇಳುವವರು ಯಾವಾಗಲೂ ಒಂದು ಮಾತು ಹೆಚ್ಚಿಗೆ ಹೇಳುತ್ತಾರೆ.

ಕೊನೆಗೆ, ವಾರಗಳೇ ಕಳೆದ ಮೇಲೆ, ಒಂದು ಶನಿವಾರ ಪತ್ರ ಹಿಡಿದು ಬರ್ಬ್ಯಾಂಕಿಗೆ ಹೋದೆ. ಅತ್ತೆ ನಿಂತೇ ಓದಿದರು. ಮೇಲಿಂದ ಕೆಳಗೆ ಓದಿ, ಮತ್ತೆ ಮೇಲಕ್ಕೆ ಹೋಗಿ ತಾರೀಖಿನ ಹತ್ತಿರ ನಿಂತರು. ನಂತರ ಕೈಯೊಡ್ಡಿ ಲಕೋಟೆ ಇಸಿದುಕೊಂಡು ಅದರ ಮೇಲಿನ ಅಂಚೆಯ ಮುದ್ರೆ ನೋಡಿದರು. ಜೀವಮಾನವೆಲ್ಲ ಬಟ್ಟೆಯ ಅಂಚು ನೋಡಿದ ಕಣ್ಣು ಅದು, ಏನನ್ನೂ ಬಿಡುವುದಿಲ್ಲ. ಪತ್ರವನ್ನು ಮಡಿಸಿ ನನಗೇ ಕೊಟ್ಟು, "ಊಟ ಮಾಡೇ ಹೋಗು" ಎಂದರು.

ಆಮೇಲೆ ಮಧ್ಯಾಹ್ನದ ಫೋನ್ ಬರಲಿಲ್ಲ. ನಾನೇ ಮಾಡಿದರೆ ಮಾತಾಡುತ್ತಿದ್ದರು, ಮೊಮ್ಮಗಳನ್ನು ವಿಚಾರಿಸುತ್ತಿದ್ದರು, ಹವಾಮಾನ ಹೇಳುತ್ತಿದ್ದರು. ಬುಟ್ಟಿ ಹೆಣೆದು ಅಕ್ಕಪಕ್ಕದವರಿಗೆ ಹಂಚುತ್ತಿದ್ದರೇ ಹೊರತು ಮಾರಲು ಕೊಡಲಿಲ್ಲ. ವೆಬ್‌ಸೈಟ್ ತಾನಾಗಿ ಮುಚ್ಚಿತು. ಕ್ಷಮಿಸಿ ಎಂಬ ಮಾತು ನನ್ನ ಗಂಟಲವರೆಗೆ ಎಷ್ಟೋ ಸಲ ಬಂತು. ಪ್ರತಿ ಸಲವೂ ಅತ್ತೆ ಏನಾದರೂ ಬೇರೆ ವಿಷಯ ಎತ್ತಿ ಅದನ್ನು ಹೊರಗೆ ಬಿಡಲಿಲ್ಲ.

ಹೋದ ವರ್ಷ ಅವರ ಬೆರಳುಗಳು ಸೆಟೆದು ಎಳೆ ಹಿಡಿಯುವುದೂ ಕಷ್ಟವಾದಾಗ, ನಮ್ಮ ಜೊತೆ ಇರಲು ಒಪ್ಪಿದರು. ಮನೆ ಖಾಲಿ ಮಾಡಲು ಒಂದು ವಾರ ಹಿಡಿಯಿತು. ಹೊಲಿಗೆ ಯಂತ್ರದ ಕೆಳಗಿನ ಖಾನೆಯಲ್ಲಿ ಒಂದು ಬಿಸ್ಕತ್ ಡಬ್ಬಿ ಸಿಕ್ಕಿತು. ಗುಂಡಿಗಳಿರಬಹುದೆಂದು ತೆರೆದೆ. ಒಳಗೆ ಬುಟ್ಟಿಗೆ ಕಟ್ಟುವ ಚೀಟಿಗಳಿದ್ದವು, ದಪ್ಪ ಕಾಗದದಲ್ಲಿ ಒಂದೇ ಅಳತೆಗೆ ಕತ್ತರಿಸಿದ್ದು, ಒಂದೊಂದಕ್ಕೂ ತೂತು ಮಾಡಿ ದಾರ ಪೋಣಿಸಿದ್ದು. ಒಂದೊಂದರ ಮೇಲೂ ಅತ್ತೆಯ ಹೆಸರು, ಅದರ ಕೆಳಗೆ ನನ್ನಿಂದ ಅಳಿಸಿಸಿದ್ದ ಆ ಹೆಸರು, ಚೆರೋಕಿ. ಅರ್ಜಿಯ ಸಹಿಯಲ್ಲಿದ್ದ ಅದೇ ಬಿಡಿಬಿಡಿ ಅಕ್ಷರ. ಡಬ್ಬಿ ತುಂಬ ಇದ್ದವು.

ಅತ್ತೆ ಆಚೆ ಕೂತು ಕಪ್ಪುಗಳಿಗೆ ಪೇಪರು ಸುತ್ತುತ್ತಿದ್ದರು. ನಾನು ಡಬ್ಬಿ ಹಿಡಿದು ಹತ್ತಿರ ಹೋಗಿ, "ಇವನ್ನ ಯಾವಾಗ ಬರದ್ರಿ?" ಎಂದು ಕೇಳಿದೆ.

ಅವರು ತಲೆಯೆತ್ತಿ ಡಬ್ಬಿಯನ್ನು ನೋಡಿದರು. "ಪತ್ರ ಬಂದೇ ಬರ್ತೈತಿ ಅಂತ ನೀ ಹೇಳಿದೆಲ್ಲಾ, ಆ ದಿವಸದಾಗ" ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಅಲ್ಲೇ ಕೂತು ಕ್ಷಮೆ ಕೇಳುತ್ತಿದ್ದೆ.