ಮೇಷ್ಟ್ರು ಬಳಿದ ಬಣ್ಣ

ಹೊಳೆಪ್ಪ ಇಳಕಲ್ ಕಡೆಯ ಕುಂಬಾರರ ಮಗ, ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು. ತೊಂಬತ್ತೆರಡರಲ್ಲಿ ಬೆಂಗಳೂರಿನ ಇಟ್ಟಮಡುವಿನಲ್ಲಿ ಬಾಡಿಗೆ ಮನೆ ಹಿಡಿದು, ಜಯನಗರದ ಅನಂತಪದ್ಮನಾಭ ಮೇಷ್ಟ್ರ ಮನೆಯಲ್ಲಿ ತೋಟದ ಕೆಲಸಕ್ಕೆ ಸೇರಿದ. ಇತಿಹಾಸ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರಿಗೆ ಒಂದೇ ಹುಚ್ಚು. ಎರಡು ಸಾವಿರ ವರ್ಷದ ಹಿಂದೆ ರೋಮಿನವರು ಹಡಗಿನಲ್ಲಿ ನಮ್ಮ ಕರಾವಳಿಗೆ ತಂದಿಳಿಸಿದ ಮಡಕೆ, ಗಾಜಿನ ಪಾತ್ರೆಗಳ ಚೂರುಗಳನ್ನು ಹಿತ್ತಲ ಶೆಡ್ಡಿನಲ್ಲಿ ಕೂತು ಜೋಡಿಸುವುದು.

ಒಂದು ದಿನ ಹೊಳೆಪ್ಪ, ಮೇಷ್ಟ್ರು ಮಡಕೆಯ ಕತ್ತಿಗೆ ಜೋಡಿಸುತ್ತಿದ್ದ ಚೂರೊಂದನ್ನು ಎತ್ತಿಕೊಂಡು ಒಳಮೈ ಸವರಿದ.

"ಇದು ಕೊಳ್ಳಿಂದಲ್ರೀ ಸರ್, ಹೊಟ್ಟಿದು. ತಿರಗೋ ತಿಗರಿ ಮ್ಯಾಲ ಕುಂಬಾರನ ಬೆರಳು ಹೆಂಗ ಹೋಗೇತಿ ನೋಡ್ರಿ."

ಅವತ್ತೇ ತೋಟದ ಗುದ್ದಲಿ ಮೂಲೆ ಸೇರಿತು, ಹೊಳೆಪ್ಪ ಶೆಡ್ಡು ಸೇರಿದ.

ಮೇಷ್ಟ್ರು ಕಲಿಸಿದ ಮೊದಲ ಪಾಠ ಇದು: ಚೂರು ಸಿಗದ ಕಡೆ ಪ್ಲಾಸ್ಟರ್ ತುಂಬು, ಆದರೆ ಅದರ ಬಣ್ಣ ತುಸು ತೆಳುವಿರಲಿ, ಮೈ ಕೂದಲೆಳೆಯಷ್ಟು ತಗ್ಗಿರಲಿ. "ಹಳೇದ್ಯಾವ್ದು, ನೀನು ಮಾಡಿದ್ಯಾವ್ದು ಅಂತ ನೋಡೋರಿಗೆ ಗೊತ್ತಾಗ್ಬೇಕು ಕಣಯ್ಯಾ. ಇಲ್ದಿದ್ರೆ ಅದು ರಿಪೇರಿ ಅಲ್ಲ, ಕಳ್ಳತನ."

ಒಮ್ಮೆ ಗಾಜಿನ ಬಟ್ಟಲಿನ ಅಂಚನ್ನು ಹೊಳೆಪ್ಪ ಪಾರದರ್ಶಕ ಅಂಟಿನಿಂದ ಗುರುತೇ ಸಿಗದಂತೆ ತುಂಬಿದ್ದ. ಮೇಷ್ಟ್ರು ಬೈದು ಬಿಚ್ಚಿಸಿದರು. ಮೂರು ವಾರದ ಕೆಲಸ ಅಂಟು, ಬಣ್ಣ ಬಿಡಿಸುವ ಅಸಿಟೋನಿನಲ್ಲಿ ಕರಗಿಹೋಯಿತು. ಮೂಗಿನ ತುದಿಯಲ್ಲೇ ಸಿಟ್ಟಿದ್ದರೂ ಹೊಳೆಪ್ಪ ಅವತ್ತೇ ಮತ್ತೆ ಅಂಚು ತುಂಬಲು ಕೂತ. ಗುರುವಿನ ಮಾತಲ್ಲವೇ!

ಆಮೇಲೆ ಬಂತು ಎರಡು ಹಿಡಿಕೆಯ ದ್ರಾಕ್ಷಾರಸದ ಜಾಡಿ. ಅರವತ್ತೊಂದು ಚೂರು, ಹೊಳೆಪ್ಪನ ನಾಲ್ಕು ವರ್ಷ; ಚೂರು ಸಿಗದ ಕಡೆಯೆಲ್ಲ ಪಾಠದಂತೆ ತೆಳು ಬಣ್ಣದ ಪ್ಲಾಸ್ಟರ್. ಎರಡು ಸಾವಿರದ ನಾಲ್ಕರಲ್ಲಿ ಮೇಷ್ಟ್ರು ಮನೆಯ ಮುಂದಿನ ಹಾಲ್‌ನಲ್ಲೇ ಪ್ರದರ್ಶನ ಇಟ್ಟರು. ಹೊಳೆಪ್ಪ ಹೆಂಡತಿ ರೇಣುಕವ್ವನನ್ನು ಕರೆದುಕೊಂಡು ಹೋದ.

"ನೀವು ಮಾಡಿದ್ದು ಯಾ ಕಡೆ ಐತ್ರೀ?" ಎಂದಳು ಅವಳು.

ಹೊಳೆಪ್ಪ ಬಗ್ಗಿ ನೋಡಿದ. ಅವನಿಗೇ ಕಾಣಲಿಲ್ಲ. ಜಾಡಿಯ ಮೈಯೆಲ್ಲ ಒಂದೇ ಬಣ್ಣ! ಪಕ್ಕದ ಚೀಟಿಯಲ್ಲಿ ಅಕ್ಷರ ಕೂಡಿಸಿ ಓದಿದ: 'ಒಡೆಯದೆ ಉಳಿದ ರೋಮನ್ ಜಾಡಿ'.

"ಏನ್ರೀ ಸರ್ ಇದು? ಬಣ್ಣ ಬಳದವರ್ಯಾರು?"

"ನಾನೇ ಕಣೋ. ದೊಡ್ಡ ದೊಡ್ಡೋರು ಬಂದಿದಾರೆ, ತೇಪೆ ಹಾಕಿದ್ದನ್ನ ಇಡಕ್ಕಾಗತ್ತಾ? ಮೆತ್ತಗೆ ಮಾತಾಡು."

"ಆ ಬಟ್ಟಲಕ್ಕ ಏನಂದಿದ್ರಿ ನನಗ? ಕಳ್ಳತನ ಅಂದಿದ್ರಿ!"

"ಅವಾಗ ನೀನು ಕಲೀತಿದ್ದೆ. ಈಗ ಹೋಗು, ಎಲ್ರಿಗೂ ಕಾಫಿ ಕೊಡು."

ಹೊಳೆಪ್ಪನ ಮೈ ಉರಿದುಹೋಯಿತು. ದಡದಡನೆ ಶೆಡ್ಡಿಗೆ ಹೋದ, ಅದೇ ವೇಗದಲ್ಲಿ ಬಾಟಲಿಯೊಂದನ್ನು ಹಿಡಿದು ಜಾಡಿಯ ಮುಂದೆ ಬಂದು ನಿಂತ.

"ಹಿಡ್ಕೊಳ್ರೀ ಅವನ್ನ, ಒಡೆದ್ಹಾಕ್ತಾನೆ!" ಮೇಷ್ಟ್ರು ಕಿರುಚಿದರು.

ಬಳಿದ ಬಣ್ಣಕ್ಕಿಂತ ಆ ಮಾತೇ ಅವನಿಗೆ ಹೆಚ್ಚು ನಾಟಿತು. ಹನ್ನೆರಡು ವರ್ಷ ಜೊತೆಗೆ ಕೂತು ಈ ಮನುಷ್ಯ ಕಂಡುಕೊಂಡದ್ದು ಇಷ್ಟೇನಾ?

"ಕುಂಬಾರನ ಮಗ ಅದೀನ್ರೀ. ನಾ ಯಾಕ ಒಡೀಲಿ?"

ಹತ್ತಿಯನ್ನು ಅಸಿಟೋನಿನಲ್ಲಿ ಅದ್ದಿ, ಚೂರು ಕೂಡಿಸಿದ ಅಂಟಿಗೆ ತಾಗದಂತೆ ಮೆಲ್ಲಗೆ ಒರೆಸಿದ. ಅಂಗೈಯಗಲದ, ತೆಳು ಮಣ್ಣಿನ ಬಣ್ಣದ ತೇಪೆ ಹೊರಬಂತು. ಅದರ ಕೆಳಗೆ ಇನ್ನೊಂದು. ಬಂದವರೆಲ್ಲ ಚೀಟಿ ನೋಡಿದರು, ಆಮೇಲೆ ಮೇಷ್ಟ್ರ ಮುಖ ನೋಡಿದರು.

"ಹಾಂ, ಈಗ ಕಂಡ್ತು ನೋಡ್ರಿ," ಎಂದಳು ರೇಣುಕವ್ವ.

ಹೊಳೆಪ್ಪ ಬಾಟಲಿಯ ಮುಚ್ಚಳ ಬಿಗಿಮಾಡಿದ. ಶೆಡ್ಡಿನ ಬೀಗದಕೈಯನ್ನು ಆ ಚೀಟಿಯ ಮೇಲಿಟ್ಟು, ಹೆಂಡತಿಯ ಜೊತೆ ಬಸ್ ಸ್ಟಾಪಿನ ಕಡೆ ನಡೆದ.